ಹೊಸ ಕುರ್ಚಿಯ ಭಾರ

ಆ ವೃದ್ಧಾಶ್ರಮದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ವ್ಯಾನಕ್ಕ ಎಂದೇ. ಡಯಾಲಿಸಿಸ್ ಆಗಬೇಕಾದ ಅಜ್ಜ ಅಜ್ಜಿಯರನ್ನು ವಾರಕ್ಕೆ ಮೂರು ಸಲ ವ್ಯಾನು ಹತ್ತಿಸುವುದು, ಸೆಂಟರಿನವರ ಜೊತೆ ಜಗಳವಾಡಿ ಬೆಡ್ಡು ಹಿಡಿಯುವುದು, ಬಂದವರ ಊಟ ಮಾತ್ರೆ ನೋಡುವುದು, ಎಲ್ಲ ಅವಳದೇ. ಯಾರಾದರೂ ಕದ್ದು ಒಂದು ಲೋಟ ನೀರು ಜಾಸ್ತಿ ಕುಡಿದರೆ ಗ್ರಹಚಾರ ಬಿಡಿಸುತ್ತಿದ್ದಳು. ಬಾಯಿ ಜೋರು, ಕರುಳು ಮೆತ್ತಗೆ.

ದರ್ಜಿ ತಾತನೆಂದರೆ ಅವಳಿಗೆ ಜೀವ. ಅವನ ಹಳೇ ಗಾಲಿಕುರ್ಚಿ ಒತ್ತುತ್ತದೆಂದು ಮ್ಯಾನೇಜರನ ಬೆನ್ನು ಬಿದ್ದು ದಪ್ಪ ಮೆತ್ತೆಯ ಹೊಸದು ತರಿಸಿದಳು. ಅದೇನು ಗಳಿಗೆಯೋ, ಆಮೇಲೆ ಪ್ರತಿ ಡಯಾಲಿಸಿಸ್ಸಿನಲ್ಲೂ ತಾತನಿಗೆ ಮೀನಖಂಡ ಸೆಳೆತ, ವಾಂತಿ, ಕಣ್ಣು ಕತ್ತಲೆ. ಡಾಕ್ಟರು ವಯಸ್ಸಾಯಿತು ಎಂದುಬಿಟ್ಟರು.

“ಸಾಕು ಮಗಳೇ, ಇನ್ನು ನಾನು ಬರಲ್ಲ. ಬಟ್ಟೆನೇ ಸವೆದು ಹೋದ್ಮೇಲೆ ತೇಪೆ ಎಲ್ಲಿ ನಿಲ್ಲುತ್ತೆ?” ಎಂದ ತಾತ.

“ಬರದಿದ್ರೆ ಏನಾಗುತ್ತೆ ಗೊತ್ತಾ?”

“ಗೊತ್ತಿದ್ದೇ ಹೇಳ್ತಿದ್ದೀನಿ.”

ಅವಳು ಬೈದಳು, ಗೋಗರೆದಳು. ತಾತ ಗೋಡೆ ಕಡೆ ತಿರುಗಿ ಮಲಗಿದ.

ಮರುದಿನ ಒಬ್ಬ ಅಜ್ಜಿಯನ್ನು ಕರೆದುಕೊಂಡು ಸೆಂಟರಿಗೆ ಹೋದಳು. ಅಲ್ಲಿ ನಡೆಯಲಾರದವರನ್ನು ಕುರ್ಚಿ ಸಮೇತ ತೂಗುತ್ತಾರೆ. ಅದರಲ್ಲಿ ಕುರ್ಚಿಯ ಭಾರ ಕಳೆದು, ಮೈಯಿಂದ ಎಷ್ಟು ನೀರು ತೆಗೆಯಬೇಕೆಂದು ಲೆಕ್ಕ ಹಾಕುತ್ತಾರೆ. ನರ್ಸು ಅಜ್ಜಿಯ ಕುರ್ಚಿಯ ಭಾರ ಕಳೆಯುತ್ತಿದ್ದಂತೆ ವ್ಯಾನಕ್ಕನಿಗೆ ತಾತನ ಹೊಸ ಕುರ್ಚಿ ನೆನಪಾಯಿತು.

“ದರ್ಜಿ ತಾತನ ಕುರ್ಚಿ ಭಾರ ಯಾವುದು ಹಾಕ್ತಿದೀರಿ?”

“ಮೊದಲಿಂದ ಇರೋದೇ ಅಲ್ವಾ?”

ಕುರ್ಚಿ ಬದಲಾಗಿದೆಯೆಂದು ಅವರಿಗೆ ಹೇಳಬೇಕಾದವಳು ಅವಳೇ. ಸಂಭ್ರಮದಲ್ಲಿ ಮರೆತಿದ್ದಳು. ಹೊಸ ಕುರ್ಚಿಯ ಹೆಚ್ಚಿನ ಭಾರವನ್ನೆಲ್ಲ ತಾತನ ಮೈಯೊಳಗಿನ ನೀರೆಂದು ತಿಳಿದು ಅಷ್ಟನ್ನೂ ಹಿಂಡಿ ತೆಗೆದಿದ್ದರು. ಒಳ್ಳೇದು ಮಾಡಲು ಹೋಗಿ ಮುದುಕನ ಜೀವಕ್ಕೇ ಕುತ್ತು ತಂದೆನಲ್ಲ ಎಂದು ತನ್ನನ್ನೇ ಬೈದುಕೊಂಡಳು.

ಹಿಂದಿರುಗಿದವಳೇ ತಾತನ ಮಂಚದ ಅಂಚಿಗೆ ಕೂತು ಎಲ್ಲ ಹೇಳಿದಳು. “ತಪ್ಪು ನಂದು ತಾತ. ನಿನ್ನ ಮೈಗೇನೂ ಆಗಿಲ್ಲ” ಎನ್ನುವಷ್ಟರಲ್ಲಿ ಅಳು ಬಂತು.

ತಾತ ಬೈಯಲಿಲ್ಲ. ಎದ್ದು ಕೂರಲು ಕೈ ಚಾಚಿದ.

“ನಿಜವಾಗ್ಲೂ? ಹಾಗಾದ್ರೆ ನಾಳೆ ಗಾಡಿಗೆ ನನ್ನನ್ನೂ ಹತ್ತಿಸ್ತೀಯಾ?”

ಅವಳು ತಲೆಯಾಡಿಸಿದಳು. ತಾತ ಅವಳ ಕೈ ಬಿಡಲೇ ಇಲ್ಲ.

“ಬರಲ್ಲ ಅಂತ ದೊಡ್ಡದಾಗಿ ಹೇಳಿಬಿಟ್ಟೆ. ಆಗಿಂದ ಹೆದರ್ಕೊಂಡೇ ಬಿದ್ದಿದೀನಿ ಕಣಮ್ಮ.”