ಗುಪ್ತದಳದ ಗಿದ್ಯೋನ್

ಬ್ರಿಟಿಷರು ಹಡಗು ಹತ್ತಿ ಹೋಗಿ ನಲವತ್ತು ವರ್ಷವಾದರೂ ಟೆಲ್ ಅವೀವಿನ ಯೆಖುತಿಯೇಲರು ಇವತ್ತಿಗೂ ಕಾಫಿ ಅಂಗಡಿಯಲ್ಲಿ ಗೋಡೆಗೆ ಬೆನ್ನು ಕೊಟ್ಟು, ಬಾಗಿಲ ಮೇಲೆ ಕಣ್ಣಿಟ್ಟೇ ಕೂರುತ್ತಾರೆ. ಆಗಸ್ಟಿನ ಬೇಗೆಯಲ್ಲೂ ಕೋಟು, ಟೈ ಬಿಡುವುದಿಲ್ಲ. ಯೆಹೂದಿ ಹೋರಾಟಗಾರನಿಗೆ ಗತ್ತು ಇರಬೇಕಂತೆ. ಬ್ರಿಟಿಷರ ವಿರುದ್ಧ ಕಾದಾಡಿದ ಗುಪ್ತದಳ ಇಟ್ಟ 'ಗಿದ್ಯೋನ್' ಎಂಬ ಹೆಸರಿಗೆ ಮಾತ್ರ ಓಗೊಡುತ್ತಾರೆ. ಕರೆಂಟ್ ಬಿಲ್ಲಿನವನು ನಿಜವಾದ ಹೆಸರು ಹಿಡಿದು ಕೂಗಿದರೆ ಕಿವಿಯೇ ಕೇಳಿಸುವುದಿಲ್ಲ. ಜೋರ್ಡಾನ್ ನದಿಯ ಎರಡೂ ದಡ ನಮ್ಮದು, ಒಂದಂಗುಲವೂ ಬಿಡೆವು ಎನ್ನುತ್ತಾರೆ. ಬಸ್ಸಿನ ಸೀಟಿನಲ್ಲೂ ಅದೇ ನೀತಿ. "ಎರಡು ದಡ ಆಮೇಲೆ ಗೆಲ್ಲೀರಂತೆ, ಮೊದ್ಲು ಮಂಚದಲ್ಲಿ ನಂಗಿಷ್ಟು ಜಾಗ ಬಿಡ್ರೀ," ಎಂದು ಹೆಂಡತಿ ತ್ಸಿಪೋರಾ ಮೂತಿ ತಿರುವುತ್ತಾಳೆ. ಈಗ ಆ ದಳದವರು ಕಟ್ಟಿದ ಪಕ್ಷವೇ ಗದ್ದುಗೆಯಲ್ಲಿದೆ, ಟೈ ಇಲ್ಲದ ಮಂತ್ರಿಯನ್ನು ಕಂಡರೆ "ಇವ್ರಿಗೋಸ್ಕರಾನಾ ನಾವು ಬಾಂಬ್ ಇಟ್ಟಿದ್ದು?" ಎಂದು ಹಲ್ಲು ಕಡಿಯುತ್ತಾರೆ. ವರ್ಷಕ್ಕೊಮ್ಮೆ ಪಕ್ಷದ ಕಚೇರಿಯಲ್ಲಿ ದಳದ ಮೃತರ ನಿಜವಾದ ಹೆಸರುಗಳನ್ನು ಓದುವಾಗ, ಜನ ತಮ್ಮವರ ಹೆಸರು ಬಂದಾಗ ಎದ್ದು ನಿಂತು ಮತ್ತೆ ಕೂರುತ್ತಾರೆ. ಇವರು ಮಾತ್ರ ಮೊದಲಿನಿಂದ ಕೊನೆಯತನಕ ನಿಂತೇ ಇರುತ್ತಾರೆ. "ಕೂತ್ಕೊಳ್ರೀ ಸಾಕು, ಎಲ್ರೂ ನಿಮ್ಮೋರೇನಾ?" ಎಂದು ತ್ಸಿಪೋರಾ ಈ ಸಲ ಕೋಟು ಜಗ್ಗಿದಳು. "ನನ್ನ ಪಕ್ಕದಲ್ಲೇ ಗುಂಡು ತಿಂದು ಸತ್ತನಲ್ಲ ಅಮ್ನೋನ್, ಅದು ದಳದ ಹೆಸರು ಕಣೇ. ನಿಜವಾದ ಹೆಸರು ಕೇಳಬಾರ್ದು ಅಂತ ಆಜ್ಞೆ ಇತ್ತು, ನಾನೂ ಕೇಳ್ಲಿಲ್ಲ. ಇದ್ರಲ್ಲಿ ಯಾವ್ದು ಅವನ್ದೋ, ಹೇಗೆ ಕೂರ್ಲಿ?"