ಓಣಿಯ ಕುರ್ಚಿ

ಇವತ್ತು ಬೆಳಿಗ್ಗೆ ನಮ್ಮ ದಿಲ್‌ಸುಖ್‌ನಗರದ ಮನೆಗೆ ಸಮೀಕ್ಷೆಯ ಹುಡುಗಿಯೊಬ್ಬಳು ಬಂದಳು. ಫ್ರಿಜ್ ಇದೆಯೇ, ಸ್ಕೂಟರ್ ಇದೆಯೇ ಎಂದು ಅವಳು ಕೇಳುವ ಮೊದಲೇ ನಾನು ಸೋಫಾದ ಮೇಲಿನ ಹಳೆಯ ಪೇಪರುಗಳನ್ನೆಲ್ಲ ಎತ್ತಿ ಒಳಗೆ ಒಗೆದಿದ್ದೆ. ಯಾಕೆ ಹೇಳಿ? ಅವಳೇನು ಕನ್ಯೆ ನೋಡಲು ಬಂದಿದ್ದಳೇ?

ತೆಲಂಗಾಣ ಬೇರೆ ರಾಜ್ಯವಾಗುವುದಕ್ಕೆ ಬಹಳ ಮೊದಲು ನಾನೂ ಹೀಗೆಯೇ ಕಂಡವರ ಬಾಗಿಲು ಬಡಿಯುತ್ತಿದ್ದೆ. ಬಡತನ ಅಳೆಯುವ ಒಂದು ಸಂಶೋಧನೆ. ಫಾರಂ ತುಂಬುವುದು ನನ್ನ ಕೆಲಸ. ಸನತ್‌ನಗರದ ಕಾರ್ಖಾನೆಗಳ ಹಿಂದಿನ ಒಂದು ಓಣಿಯವರು ಕುಡಿಯುವ ನೀರಿಗೆ ರೈಲು ಹಳಿ ದಾಟಿ ಹೋಗುತ್ತಿದ್ದರು. ಯಾವ ಓಣಿಯ ಮನೆಗಳಲ್ಲಿ ಸಾಮಾನು ಕಡಿಮೆಯೋ ಅಲ್ಲಿಗೆ ಮೊದಲು ನಲ್ಲಿ ಎಂದು ತೀರ್ಮಾನವಾಗಿತ್ತು.

ಅದು ಬೇಸಿಗೆ ಎನ್ನುತ್ತದೆ ನನ್ನ ನೆನಪು. ಮರುದಿನ ಕೇಳಿದರೆ ದಸರಾ ಎನ್ನುತ್ತದೆ. ನಂಬಬೇಡಿ. ಕುರ್ಚಿಯನ್ನು ಮಾತ್ರ ನಂಬಬಹುದು. ಕಬ್ಬಿಣದ್ದು, ಒಂದು ಕೈಗೆ ಕೆಂಪು ವೈರು ಸುತ್ತಿತ್ತು. ಐದು ಮನೆಗಳಲ್ಲಿ ಅದರ ಮೇಲೆ ಕುಳಿತು, ತೆಲುಗಿನಲ್ಲಿ ಪ್ರಶ್ನೆ ಕೇಳಿ, ‘ಕುರ್ಚಿ: ಇದೆ’ ಎಂದು ಬರೆದೆ. ಆರನೆಯ ಮನೆಯಲ್ಲಿ ನಿಂತುಕೊಂಡೇ ಎರಡು ಪ್ರಶ್ನೆ ಮುಗಿಸಿದ್ದೆ. ಆಗ ಹಿತ್ತಲ ಬಾಗಿಲಿನಿಂದ, ಏದುಸಿರು ಬಿಡುತ್ತಿದ್ದ ನೆರೆಮನೆಯವಳ ತಲೆಯ ಮೇಲೆ ಕುರ್ಚಿ ಬಂತು. ಆ ಕೆಂಪು ವೈರು ಆಗ ಕಣ್ಣಿಗೆ ಬಿತ್ತು: ಐದೂ ಮನೆಗಳಲ್ಲಿ ಇದೇ ಕುರ್ಚಿ. ಎಂಥ ಸಂಶೋಧಕ!

“ಅಯ್ಯೋ, ಎಲ್ಲಾ ಮನಿಗೂ ಬರದುಬಿಟ್ಟೆ” ಎಂದು ಕನ್ನಡದಲ್ಲಿ ಗೊಣಗಿದೆ.

ಆ ಮನೆಯ ಶಿವಮ್ಮ ಕಣ್ಣರಳಿಸಿದಳು. “ನಮ್ಮ ಕಡ್ಯವ್ರೇನ್ರಿ? ಮತ್ತ ಇಷ್ಟೊತ್ತು ಆ ತೆಲುಗು ಯಾಕ ಹೊಡದ್ರಿ?”

“ಅಕ್ಕಾ, ಈ ಕುರ್ಚಿ ಯಾರದ್ರಿ?”

“ಮೊದಲ್ನೇ ಮನೀದ್ರಿ. ಮನಿಗಿ ಬಂದವ್ರನ್ನ ನೆಲದ ಮ್ಯಾಲ ಕುಂದರಸ್ತಾರೇನ್ರಿ?”

“ಎಲ್ಲಾರ ಮನ್ಯಾಗೂ ಕುರ್ಚಿ ಐತಿ ಅಂತ ಬರದ್ರ ನಿಮಗ ನಲ್ಲಿ ಬರಂಗಿಲ್ರಿ.”

ಅವಳು ಮೂಲೆಯ ಖಾಲಿ ಕೊಡವನ್ನು ನೋಡಿದಳು, ಕುರ್ಚಿ ಹೊತ್ತು ತಂದ ನೆರೆಯವಳನ್ನು ನೋಡಿದಳು. ಕೊನೆಗೆ ಸೆರಗಿನಿಂದ ಕುರ್ಚಿ ಒರೆಸಿದಳು.

“ಹಂಗಾರ ಇಲ್ಲ ಅಂತ ಬರೀರಿ. ಆದ್ರ ಇದರ ಮ್ಯಾಲೇ ಕುಂತು ಬರೀರಿ, ಸಾಹೇಬ್ರ. ಇಲ್ಲಂದ್ರ ನಾಳಿ ಓಣ್ಯಾಗ ಹ್ಯಾಂಗ ಮಾರಿ ತೋರಸ್ಲಿ?”

ನೆರೆಯವಳು ಕಿಸಕ್ಕನೆ ನಕ್ಕಳು.

ಮೊದಲನೆಯ ಮನೆಯದನ್ನು ಬಿಟ್ಟು ಉಳಿದ ಫಾರಂಗಳನ್ನೂ ತಿದ್ದಿದೆ. ಮುಂದಿನ ವರ್ಷ ಓಣಿಗೆ ನಲ್ಲಿ ಬಂತು. ನಾನೇ ಹೋಗಿ ನೋಡಿದ್ದೇನೆ. ಆಮೇಲೆ ಈ ಕತೆಯನ್ನು ಎಷ್ಟೋ ಸಭೆಗಳಲ್ಲಿ ಹೇಳಿದೆ. ಪ್ರತಿ ಸಲವೂ ಕತೆಯ ಕೊನೆಗೆ ನಾನು ಕುರ್ಚಿ ಬೇಡವೆಂದು ಶಿವಮ್ಮನ ಪಕ್ಕ ನೆಲಕ್ಕೆ ಕೂರುತ್ತಿದ್ದೆ. ಜನ ಚಪ್ಪಾಳೆ ತಟ್ಟುತ್ತಿದ್ದರು. ಹೇಳಿ ಹೇಳಿ ನನಗೂ ಆ ತಣ್ಣಗಿನ ನೆಲದ ನೆನಪು ಬಂದುಬಿಟ್ಟಿತ್ತು.

ಇವತ್ತು, ಸೋಫಾ ಖಾಲಿ ಮಾಡಿ ಕೂರಿಸಿದ್ದ ಆ ಹುಡುಗಿ ಹೋದ ಮೇಲೆ, ಹಾಗೆ ಮುಗಿಸಲು ಬಾಯಿ ಬರುತ್ತಿಲ್ಲ. ನಾನು ನೆಲಕ್ಕೆ ಕೂರಲಿಲ್ಲ. ಶಿವಮ್ಮ ಹೇಳಿದ ಹಾಗೆಯೇ ಕುರ್ಚಿಯ ಮೇಲೆ, ಬೆನ್ನು ನೆಟ್ಟಗೆ ಮಾಡಿ ಕುಳಿತು ‘ಕುರ್ಚಿ: ಇಲ್ಲ’ ಎಂದು ಬರೆದೆ. ಓದು ಬಾರದ ಅವಳು ನನ್ನ ಪೆನ್ನನ್ನೇ ನೋಡುತ್ತ ನಿಂತಿದ್ದಳು.