ಎರಡು ಬಾಗಿಲಲ್ಲೂ ಅಣ್ಣ

ನಮ್ಮಣ್ಣ ನಗುತ್ತ ಹೋಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನಂಬುವವರು ನಂಬಲಿ, ಬಿಡುವವರು ಬಿಡಲಿ. ನಾನು ಆ ಮನೆಯೊಳಗೇ ಇದ್ದೆ, ನನ್ನ ಕಿವಿಯಾರೆ ಕೇಳಿದ್ದೇನೆ.

ನಾಲ್ಕು ವರ್ಷದ ಹಿಂದೆ ಬೆಂಗಳೂರಿನಿಂದ ಒಬ್ಬ ಕಾದಂಬರಿಕಾರ ನಮ್ಮ ಮನೆಗೆ ಬಂದಿದ್ದ. ಬೇರೆ ಲೋಕದವರನ್ನು ಕಂಡೆವು ಎನ್ನುವವರ ಮಾತುಗಳನ್ನೆಲ್ಲ ಕೂಡಿಸಿ ವೈಜ್ಞಾನಿಕ ಕಾದಂಬರಿ ಬರೆಯುತ್ತಾನಂತೆ. ಎರಡು ದಿನ ಕೂತ, ನಾನು ಬಡಿದುಹಾಕಿದ ರೊಟ್ಟಿ ತಿಂದ, ಎಲ್ಲ ಬರೆದುಕೊಂಡು ಹೋದ. ಪುಸ್ತಕ ಬಂತು. ತೆರೆದು ನೋಡಿದರೆ... ಮಸ್ಕಿ ಗುಡ್ಡದ ಮೇಲೆ ಬೆಳ್ಳಿ ತಟ್ಟೆಯಂಥ ವಿಮಾನ, ಮೂರು ಬೆರಳಿನ ಹಸಿರು ಜನ. ನಮ್ಮಣ್ಣ ನಗುತ್ತ ಏಣಿ ಹತ್ತುತ್ತಾನೆ. ನಾವೆಲ್ಲ ಅಂಗಳದಲ್ಲಿ ನಿಂತು ಕೈಬೀಸಿ ಕಳಿಸಿಕೊಡುತ್ತೇವೆ!

ಮೈಯೆಲ್ಲ ಉರಿದುಹೋಯಿತು. ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದವಳು ನಾನು. ನನ್ನ ಮನೆಯ ಕಥೆಯನ್ನು ನಾನೇ ಬರೆಯಬಲ್ಲೆ.

ನಿಜಾಮನ ಆಡಳಿತ ಮುಗಿದ ಮರುವರ್ಷ ಅದು, 1949. ನನಗೆ ಹದಿನಾಲ್ಕು. ಮಸ್ಕಿಯ ಹೊರಗೆ, ಪಾಮನಕಲ್ಲೂರಿನ ಕಡೆ ಹೋಗುವ ದಾರಿಯಲ್ಲಿ ನಮ್ಮದು ಒಂಟಿ ಮನೆ. ಅಪ್ಪ, ಅವ್ವ, ನಾನು. ಅಣ್ಣ ಈರಣ್ಣ ಲಿಂಗಸುಗೂರಿನ ಕಚೇರಿಯಲ್ಲಿ ಕಾರಕೂನನಾಗಿದ್ದ. ಹದಿನೈದು ದಿನಕ್ಕೊಮ್ಮೆ ಮೋಟಾರು ಹಿಡಿದು ಮಸ್ಕಿಗೆ ಬಂದು, ಅಲ್ಲಿಂದ ಹೊಲ ದಾಟಿ ಮನೆಗೆ ನಡೆದು ಬರುತ್ತಿದ್ದ.

ಹಿಂದಿನ ವರ್ಷದ ಗದ್ದಲದಲ್ಲಿ ರಾತ್ರಿ ಯಾರು ಬಂದು ಬಾಗಿಲು ಬಡಿಯುತ್ತಾರೋ ಗೊತ್ತಿರಲಿಲ್ಲ. ಆಗ ಅಪ್ಪ ಒಂದು ನೇಮ ಮಾಡಿದ. ಕತ್ತಲಾದ ಮೇಲೆ ಯಾರೇ ಬರಲಿ, ಮನೆಯವರೇ ಆಗಲಿ, ಹೊರಗೆ ನಿಂತು ಗುರುತಿನ ಮಾತು ಹೇಳಬೇಕು. ಆ ಮಾತು ನಮ್ಮ ಸತ್ತ ಎಮ್ಮೆಯ ಹೆಸರು. ಸತ್ತ ಎಮ್ಮೆಯ ಹೆಸರು ಮನೆಯವರಿಗಲ್ಲದೆ ಇನ್ಯಾರಿಗೆ ನೆನಪಿರುತ್ತದೆ? ಗದ್ದಲ ಮುಗಿಯಿತು, ನೇಮ ಮಾತ್ರ ಮುಗಿಯಲಿಲ್ಲ.

ಆ ರಾತ್ರಿ ಅಣ್ಣ ಬರಬೇಕಿತ್ತು. ಊಟದ ಹೊತ್ತು ಮೀರಿತ್ತು. ಸಂಜೆ ಮಳೆ ಹೊಯ್ದು ಎರೆಮಣ್ಣು ಹಸಿಯಾಗಿತ್ತು.

ಮೊದಲು ನಾಯಿ ಸುಮ್ಮನಾಯಿತು. ಆಮೇಲೆ ಜೀರುಂಡೆ... ಆಮೇಲೆ ಹಲಗೆಯ ಮೇಲಿದ್ದ ಹಿತ್ತಾಳೆ ಚರಿಗೆಗಳು ತಾವಾಗಿಯೇ ಸಣ್ಣಗೆ ಕಿಣಿಕಿಣಿ ಅನ್ನತೊಡಗಿದವು. ನನ್ನ ಹಲ್ಲಿನೊಳಗೆ ಏನೋ ಗುಂಯ್‌ಗುಟ್ಟಿತು. ಮುಂಬಾಗಿಲ ಸಂದಿಯಿಂದ ಬಿಳಿ ಬೆಳಕು ಒಳಗೆ ಬಂತು. ಕಂದೀಲಿನ ಬೆಳಕಾದರೆ ಅಲುಗಾಡುತ್ತದೆ. ಇದು ಅಲುಗಲಿಲ್ಲ. ಕಾಯಿಸಿದ ಕಬ್ಬಿಣದ ವಾಸನೆ ಮನೆ ತುಂಬಿತು.

ಹಿತ್ತಲ ಬಾಗಿಲನ್ನು ಯಾರೋ ದಬದಬ ಬಡಿದರು.

"ಅಪ್ಪಾ... ಜಲ್ದಿ ತೆಗಿ. ನಾ ಈರಣ್ಣ. ಏನೋ ಬೆನ್ನು ಹತ್ತೇತಿ ನನಗ."

ಅವ್ವ ಧಡಕ್ಕನೆ ಎದ್ದಳು. ಅಪ್ಪ ಕೈ ಅಡ್ಡ ಹಿಡಿದ. "ಗುರುತು ಹೇಳು."

"ಗೌರಿ! ಎಮ್ಮಿ ಗೌರಿ, ಅಪ್ಪಾ!"

ಅಪ್ಪ ಅಗುಳಿಗೆ ಕೈ ಹಾಕಿದ. ಅಷ್ಟರಲ್ಲಿ ಮುಂಬಾಗಿಲು ಬಡಿಯಿತು.

"ಗೌರಿ. ಎಮ್ಮಿ ಗೌರಿ, ಅಪ್ಪಾ."

ಅದೇ ದನಿ. ನಮ್ಮಣ್ಣನದೇ.

ಅಪ್ಪ ಹಿಂದೆ ಸರಿದ. ಹಿಂದೊಬ್ಬ ಈರಣ್ಣ, ಮುಂದೊಬ್ಬ ಈರಣ್ಣ, ನಡುವೆ ನಾವು ಮೂವರು. ಅವ್ವ ಸೆರಗು ಬಾಯಿಗೆ ತುರುಕಿಕೊಂಡು ಕುಸಿದು ಕೂತಳು.

ನಾನೇ ಹಿತ್ತಲ ಬಾಗಿಲ ಹತ್ತಿರ ಹೋಗಿ ಕೇಳಿದೆ. "ಅಣ್ಣಾ, ಹೋದ ಸಲ ನನಗೇನು ತಂದಿದ್ದಿ?"

"ಬಳಿ ತಂದಿದ್ನೆಲ್ಲವ್ವಾ... ಎರಡು ದಾರ್ಯಾಗ ಒಡದಿದ್ವು. ನೀ ಅತ್ತಿದ್ದಿ." ಅವನು ಏದುಸಿರು ಬಿಡುತ್ತಿದ್ದ.

ಮುಂಬಾಗಿಲಿನಿಂದಲೂ ಬಂತು ಅದೇ ಮಾತು, ಅದೇ ಏದುಸಿರು. ಆದರೆ ಅರ್ಧ ಉಸಿರಿನಷ್ಟು ತಡವಾಗಿ, ಪಾಠ ಒಪ್ಪಿಸುವವರ ಹಾಗೆ ಒಂದೇ ಸಮನೆ.

"ಅಪ್ಪಾ, ಹಿಂದಿನಾಂವನೇ ಅಣ್ಣ," ನಾನು ಪಿಸುಗುಟ್ಟಿದೆ. "ಮುಂದಿಂದು ಕೇಳಿ ಕೇಳಿ ಹೇಳಾಕತ್ತೇತಿ."

"ಮೊದಲ ಮಾತಾಡಿದ್ದೇ ಮೋಸ ಇದ್ರ? ಬ್ಯಾಡ. ಬೆಳಗಾಗಲಿ."

ಅಣ್ಣನಿಗೆ ಅದು ಕೇಳಿಸಿತು. "ಬೆಳಗಾಗೂತನಕ ನಾ ಇರೂದಿಲ್ಲಪ್ಪಾ!" ಎಂದು ಚೀರಿದ.

"ಬೆಳಗಾಗೂತನಕ ನಾ ಇರೂದಿಲ್ಲಪ್ಪಾ," ಎಂದಿತು ಮುಂಬಾಗಿಲಿನದು, ಚೀರದೆ.

ಇಷ್ಟಾದರೂ ಅಪ್ಪ ಅಲುಗಲಿಲ್ಲ. ಎದುರಿಗೆ ಕಂಬ ನಿಂತಿತ್ತು ಅನ್ನಿ! ಎದೆಗೆ ಗುದ್ದಬೇಕು ಅನ್ನಿಸಿತು ನನಗೆ.

ಆಮೇಲೆ ಅಣ್ಣ ನನ್ನನ್ನು ಕರೆದ. ದನಿ ಬಾಗಿಲ ಬುಡದಿಂದ ಬರುತ್ತಿತ್ತು, ಕೂತುಬಿಟ್ಟಿದ್ದನೇನೋ.

"ಚೆನ್ನೀ... ನೀನರ ತೆಗಿಯವ್ವಾ."

ಅಗುಳಿಯ ಮೇಲೆ ಕೈ ಇಟ್ಟೆ. ತಣ್ಣಗಿತ್ತು. ಈ ಸಲ ಮುಂಬಾಗಿಲಿನದು ಏನೂ ಹೇಳಲಿಲ್ಲ. ಸಂದಿಯ ಬೆಳಕು ಮೆಲ್ಲಗೆ ಸರಿಯಿತು... ಕಿಟಕಿಗೆ ಬಂತು... ಗೋಡೆ ಸುತ್ತಿ ಹಿತ್ತಲ ಕಡೆ ಹೋಯಿತು. ಅದು ಹೋಗುವುದನ್ನು ಮೂವರೂ ನೋಡುತ್ತಲೇ ಇದ್ದೆವು.

ಹಿತ್ತಲ ಬಾಗಿಲು ಒಮ್ಮೆ ಬಡಿಯಿತು. ಎರಡನೆಯ ಬಡಿತ ಬರಲಿಲ್ಲ.

ಚರಿಗೆಗಳು ಸುಮ್ಮನಾದವು. ಎಲ್ಲೋ ದೂರದಲ್ಲಿ ನಾಯಿ ಬೊಗಳಿತು.

ಬೆಳಕು ಹರಿದ ಮೇಲೆ ಅಪ್ಪ ಬಾಗಿಲು ತೆಗೆದ. ಹಿತ್ತಲ ಮೆಟ್ಟಿಲಲ್ಲಿ ಅಣ್ಣನ ಚಪ್ಪಲಿ ಬಿದ್ದಿದ್ದವು. ಹಸಿ ಮಣ್ಣಿನಲ್ಲಿ ಅವನು ಓಡಿ ಬಂದ ಹೆಜ್ಜೆಗಳಿದ್ದವು, ಹೋದ ಹೆಜ್ಜೆ ಒಂದೂ ಇರಲಿಲ್ಲ. ಮುಂಬಾಗಿಲಿಗೆ ಓಡಿದೆ. ಅಲ್ಲೂ ಹೆಜ್ಜೆ ಮೂಡಿದ್ದವು, ಬರಿಗಾಲಿನವು. ಮನುಷ್ಯರ ಪಾದದ ಹಾಗೇ ಐದೈದು ಬೆರಳು. ಅಕ್ಕಪಕ್ಕ ಎರಡು ಪಾದ... ಎರಡೂ ಎಡಗಾಲು.

ಅಪ್ಪ ಅದನ್ನು ನೋಡಿದ, ನನ್ನ ಮುಖ ನೋಡಿದ. ಸೌದೆಯ ಕೊರಡು ತಂದು ಆ ಹೆಜ್ಜೆಗಳನ್ನು ಅಳಿಸಿಹಾಕಿದ.

ಹುಡುಗ ಎಲ್ಲೋ ಓಡಿಹೋಗ್ಯಾನ ಎಂದರು ಊರವರು. ಸಿಂಧನೂರಿನವರೆಗೂ ಹುಡುಕಿಸಿದೆವು, ಸಿಗಲಿಲ್ಲ. ಅಪ್ಪ ಸಾಯುವವರೆಗೂ ನಾನು ಅವನೊಂದಿಗೆ ನೆಟ್ಟಗೆ ಮಾತಾಡಲಿಲ್ಲ. ನಿನ್ನಿಂದಲೇ ಹೋದ, ನಿನ್ನಿಂದಲೇ ಹೋದ ಎಂದು ಮನಸ್ಸಿನಲ್ಲೇ ಶಪಿಸಿದೆ. ಆದರೆ ಆ ಕೊನೆಯ ಗಳಿಗೆಯಲ್ಲಿ ಅಗುಳಿಯ ಮೇಲೆ ಇದ್ದದ್ದು ಯಾರ ಕೈ? ಅಪ್ಪ ನನ್ನನ್ನು ಹಿಡಿದಿರಲಿಲ್ಲ. ಬೇಡ ಅಂದಿದ್ದ, ಅಷ್ಟೇ. ಇದನ್ನು ಆ ಕಾದಂಬರಿಕಾರನಿಗೂ ನಾನು ಹೇಳಲಿಲ್ಲ.

ಪುಸ್ತಕ ಓದಿದ ದಿನವೇ ಅವನಿಗೆ ಫೋನ್ ಮಾಡಿದೆ. "ಎರಡೂ ಎಡಗಾಲು ಅಂದ್ರೆ ಓದುಗರು ನಂಬಲ್ಲ ಅಜ್ಜಿ," ಅಂದ. ಮೂರು ಬೆರಳಿನ ಹಸಿರು ಜನರನ್ನು ನಂಬುತ್ತಾರಂತೆ! "ಕೊನೆಯಲ್ಲಿ ಸ್ವಲ್ಪ ಸಂತೋಷ ಇರಲಿ ಅಂತ ಹಾಗೆ ಬರೆದೆ," ಅಂದ. ಬಾಗಿಲು ಬಡಿದು ಬಡಿದು ಸೋತ ಹುಡುಗನನ್ನು ನಗಿಸಿ ಕಳಿಸಿದ್ದಾನೆ, ಮಹಾನುಭಾವ. ಬಾಯಿಗೆ ಬಂದಂತೆ ಬೈದೆ. ಫೋನ್ ಇಟ್ಟ ಮೇಲೂ ಬೈಯುತ್ತಲೇ ಇದ್ದೆ.

ನಾನು ಈಗಲೂ ಅದೇ ಮನೆಯಲ್ಲಿದ್ದೇನೆ. ಅಪ್ಪ ಅವ್ವ ಹೋಗಿ ಎಷ್ಟೋ ಕಾಲವಾಯಿತು. ಮಳೆ ಬಿಟ್ಟ ಕೆಲವು ರಾತ್ರಿ ಅಡುಗೆಮನೆಯ ಸ್ಟೀಲ್ ಲೋಟಗಳು ತಾವಾಗಿಯೇ ನಡುಗುತ್ತವೆ. ಆಮೇಲೆ ಮುಂಬಾಗಿಲು...

"ಗೌರಿ. ಎಮ್ಮಿ ಗೌರಿ, ಅಪ್ಪಾ."

ಅಪ್ಪ ಸತ್ತದ್ದು ಅದಕ್ಕೆ ಗೊತ್ತಿಲ್ಲ. ದನಿ ಇನ್ನೂ ಇಪ್ಪತ್ತೆರಡರ ಹುಡುಗನದೇ. ನನಗೆ ಹೆದರಿಕೆಗಿಂತ ಸಿಟ್ಟೇ ಹೆಚ್ಚು. "ನಮ್ಮಣ್ಣನ್ನ ಎಲ್ಲಿಟ್ಟೀಯಲೇ?" ಎಂದು ಒಳಗಿನಿಂದಲೇ ಚೀರುತ್ತೇನೆ. ಅದು ಮತ್ತೆ ಅದೇ ಮಾತು ಹೇಳುತ್ತದೆ.

ಆಗ ನಾನು ಹಿಂದೆ ಹೋಗಿ ಹಿತ್ತಲ ಬಾಗಿಲನ್ನು ಹಾರುಹೊಡೆದು ನಿಲ್ಲುತ್ತೇನೆ. ಹಸಿ ಮಣ್ಣಿನ ವಾಸನೆ ಬರುತ್ತದೆ. ಮುಂದೆ ಅದು ಬಡಿಯುತ್ತಲೇ ಇರುತ್ತದೆ. ಹಿತ್ತಲಿಗೆ ಮಾತ್ರ ಯಾರೂ ಬರುವುದಿಲ್ಲ.